ಹಿನ್ನೀರ ಕಾವಲುಗಾರನ ಹಾಜರಿ

(ಅಘನಾಶಿನಿ ಹಿನ್ನೀರ ದಂಡೆಯ ಒಂದು ಹಳ್ಳಿಯಲ್ಲಿ ಗಜನಿ ರೈತರು, ಬಳಚು ಆರಿಸುವ ಹೆಂಗಸರು ಮತ್ತು ಕಾಂಡ್ಲ ಕಾಯುವ ದಿನಗೂಲಿ ಕೆಲಸಗಾರರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯನ್ನು ಮೂರು ಗಂಟೆಗೆ ಕರೆದಿದ್ದೆವು. ಆರಂಭವಾದದ್ದು ನಾಲ್ಕೂವರೆಗೆ. ಇದಕ್ಕಾಗಿ ನೀವು ಯಾರೂ ಕ್ಷಮೆ ಕೇಳಬೇಕಾಗಿಲ್ಲ. ಮೂರು ಗಂಟೆಗೆ ನೀರು ಇಳಿದಿತ್ತು. ನಮ್ಮ ತಾಯಂದಿರು ಬಳಚು ಆರಿಸಿ, ಮನೆಗೆ ಹೋಗಿ, ಕೆಸರು ತೊಳೆದು ಬರಬೇಕಾಗಿತ್ತು. ವೇಳೆ ಗೊತ್ತುಮಾಡಿದವರು ನಾವು. ತಿಥಿ ನೋಡದೆ ಗಡಿಯಾರ ನೋಡಿ ಗೊತ್ತುಮಾಡಿದೆವು. ತಪ್ಪು ನಮ್ಮದೇ. ಇಂದು ನಾವು ಆಡಬೇಕೆಂದಿರುವ ಮಾತೂ ಇದೇ ತಪ್ಪಿನ ಕುರಿತಾದದ್ದು.

ಕಡಲಿನ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇಂದು ಬೆಳಿಗ್ಗೆ ಆರಕ್ಕೆ ತುಂಬಿದ ನೀರು ವಾರದ ನಂತರ ಆರಕ್ಕೆ ತುಂಬುವದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳಿಗೆ ಅದು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಈ ಲೆಕ್ಕ ನಿಮಗೆ ನಾವು ಹೇಳಿಕೊಡಬೇಕಾದದ್ದಲ್ಲ. ನಿಮ್ಮ ಹತ್ತು ವರ್ಷದ ಮಕ್ಕಳಿಗೂ ಗೊತ್ತಿದೆ. ಆದರೆ ಕಚೇರಿಯ ಹಾಜರಿ ಪುಸ್ತಕಕ್ಕೆ ಗೊತ್ತಿಲ್ಲ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ನಮಗೂ ಗೊತ್ತಿರಲಿಲ್ಲ.

ಒಂದು ಪ್ರಸಂಗ ಹೇಳುತ್ತೇವೆ. ಹಿನ್ನೀರ ಬದಿಯ ಶಾಲೆಯಲ್ಲಿ ನಾವು ಕಲಿಸುತ್ತಿದ್ದಾಗ ಒಬ್ಬ ಹುಡುಗನಿದ್ದನು. ಲೆಕ್ಕದಲ್ಲಿ ಚುರುಕು. ಆದರೆ ತಿಂಗಳಿಗೆ ನಾಲ್ಕೈದು ದಿನ ಬರುತ್ತಿರಲಿಲ್ಲ. ನಾವು ಹಾಜರಿಯಲ್ಲಿ 'ಗೈರು' ಎಂದು ಬರೆದೆವು. ಬೈದೆವು. ಒಮ್ಮೆ ಹೊರಗೆ ನಿಲ್ಲಿಸಿದೆವು. ವರ್ಷದ ಕೊನೆಗೆ ಪುಸ್ತಕ ತೆಗೆದು ನೋಡಿದಾಗ ಅವನ ಗೈರು ದಿನಗಳೆಲ್ಲ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿಗೇ ಬಿದ್ದಿದ್ದವು. ಕೇಳಿದರೆ ಹುಡುಗ ಹೇಳಿದ: "ಅಪ್ಪನ ಸಂಗಡ ಕಾಂಡ್ಲಕ್ಕೆ ಹೋಗಿದ್ದೆ, ಮಾಸ್ತರೆ. ದೊಡ್ಡ ಉಬ್ಬರಕ್ಕೆ ಬಲೆ, ಮರದ ತುಂಡು ಎಲ್ಲ ಬಂದು ಗಿಡದ ಮೇಲೆ ಕೂರುತ್ತವೆ. ಇಬ್ಬರಿಲ್ಲದೆ ಎಳೆಯಲಿಕ್ಕೆ ಆಗುವದಿಲ್ಲ."

ಅವನ ತಂದೆ ಕಾಂಡ್ಲದ ಹೊಸ ನೆಡುತೋಪಿನ ಕಾವಲುಗಾರ. ದಿನಗೂಲಿ. ಕೆಲಸ ತಿಂಗಳ ಮೂವತ್ತೂ ದಿನ. ಹಾಜರಿಯಲ್ಲಿ ಬೀಳುತ್ತಿದ್ದದ್ದು ಇಪ್ಪತ್ತು ದಿನ. ಉಳಿದ ಹತ್ತು ದಿನ ಕಡಲು ಬರುವದಿಲ್ಲವೇ ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಕೇಳಿದರೆ ಇಪ್ಪತ್ತೂ ಹೋದೀತು ಎಂಬ ಅಂಜಿಕೆ.

ಒಂದು ಅಮಾವಾಸ್ಯೆಯ ಮಾರನೆ ದಿನ, ಆದಿತ್ಯವಾರ, ಹರಿದ ಬಲೆಯೊಂದು ದಿಮ್ಮಿಯ ಸಮೇತ ಎಳೆ ಗಿಡಗಳ ಸಾಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಇಳಿದವನ ಕಾಲಿಗೆ ಕೆಸರಿನೊಳಗಿನ ಚಿಪ್ಪು ಹೊಕ್ಕಿತು. ಗಾಯ ಕೊಳೆಯಿತು. ಎರಡು ಬೆರಳು ತೆಗೆಯಬೇಕಾಯಿತು. ಪರಿಹಾರದ ಅರ್ಜಿಯನ್ನು ನಮ್ಮಿಂದ ಬರೆಯಿಸಿದನು. ಎರಡು ತಿಂಗಳಿಗೆ ಉತ್ತರ ಬಂತು: ಸದರಿ ದಿನಾಂಕದಂದು ಹಾಜರಿಯಲ್ಲಿ ಹೆಸರಿಲ್ಲ. ಹೆಸರಿಲ್ಲದ ದಿನ ಅಲ್ಲಿಗೆ ಹೋಗಲು ನಿನಗೆ ಯಾರು ಹೇಳಿದ್ದರು?

ಆ ಕಾಗದವನ್ನು ನಾವೇ ಅವನಿಗೆ ಓದಿ ಹೇಳಿದೆವು. ಅವನು ಸಿಟ್ಟಾಗಲಿಲ್ಲ. "ಕಡಲು ಹೇಳಿತು ಎಂದು ಬರೆಯಲಿಕ್ಕೆ ಬರುತ್ತದೆಯೇ, ಮಾಸ್ತರೆ?" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಮಗನನ್ನು ಗೈರು ಎಂದು ಬರೆದದ್ದು ನಮ್ಮ ಕೈ. ತಂದೆಯನ್ನು ಗೈರು ಎಂದು ಬರೆದದ್ದು ಇನ್ನೊಂದು ಕೈ. ಇಬ್ಬರೂ ಆ ಹೊತ್ತು ಈ ನಾಡಿನ ಕೆಲಸದ ಮೇಲಿದ್ದರು. ಮರುವರ್ಷ ನಾವು ಶಾಲೆ ಬಿಟ್ಟು ಸಂಘಟನೆಯ ಕೆಲಸಕ್ಕೆ ಬಂದೆವು.

ಬಂಧುಗಳೆ, ಈಗ ಈ ಹಿನ್ನೀರಿಗೆ ದೊಡ್ಡ ಹೆಸರು ಬಂದಿದೆ. 1971ರಲ್ಲಿ ಇರಾಣದ ರಾಮಸಾರ ಎಂಬ ಊರಿನಲ್ಲಿ ಹಲವು ದೇಶಗಳು ಕೂಡಿ ಜೌಗು ನೆಲಗಳ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. ಭಾರತ 1982ರಲ್ಲಿ ಸೇರಿತು. ಆ ಪಟ್ಟಿಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರು, ಅಂದರೆ 11,800 ಎಕರೆಗೂ ಹೆಚ್ಚು ಪ್ರದೇಶ, ಸೇರಿತೆಂದು 2024ರ ಜನೇವರಿ ಕೊನೆಗೆ ಪ್ರಕಟವಾಯಿತು. ಅಂದೇ ಮಾಗಡಿ ಕೆರೆ ಮತ್ತು ಅಂಕಸಮುದ್ರದ ಹೆಸರೂ ಬಂತು. ಸಂತೋಷ. ಅಣೆಕಟ್ಟಿಲ್ಲದೆ ಘಟ್ಟದಿಂದ ಕಡಲಿಗೆ ಹರಿಯುವ ಹೊಳೆ ನಮ್ಮದು. ತದಡಿಯಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ ಮಾಡುತ್ತೇವೆಂದು ಬಂದಾಗ ಇಲ್ಲಿಯ ಜನ ಎದ್ದುನಿಂತರು. ಆ ಯೋಜನೆ ಇಲ್ಲಿ ಆಗಲಿಲ್ಲ. ಆಗ ನೀವು ಸುಮ್ಮನಿದ್ದರೆ ಇಂದು ಪಟ್ಟಿಗೆ ಸೇರಿಸಲು ಏನು ಉಳಿದಿರುತ್ತಿತ್ತು?

ಆದರೆ ಹೆಸರು ಬಂದ ಮೇಲೆ ಕಾಯುವವರು ಯಾರು? ಇದು ಪ್ರಶ್ನೆ. ಫಲಕದ ಮೇಲೆ ಹಕ್ಕಿಯ ಚಿತ್ರ ಬರುತ್ತದೆ, ಕಾಂಡ್ಲದ ಚಿತ್ರ ಬರುತ್ತದೆ. ಮನುಷ್ಯನ ಚಿತ್ರ ಬರುವದಿಲ್ಲ. ನೋಡಿದವರು, ಇಲ್ಲಿ ಮನುಷ್ಯನ ಕೈ ಇಲ್ಲದೆ ಎಲ್ಲವೂ ತಾನಾಗಿಯೇ ಉಳಿದಿದೆ ಎಂದು ತಿಳಿಯುತ್ತಾರೆ. ಹಾಗಿಲ್ಲ.

ಕಾಂಡ್ಲದ ಕೆಲಸವನ್ನೇ ನೋಡೋಣ. ಇದರ ಒಂದು ಜಾತಿಯ ಬೀಜ ಮರದಲ್ಲಿರುವಾಗಲೇ ಮೊಳೆತು, ಕೋಲಿನಂತೆ ಉದ್ದವಾಗಿ ಜೋತು ಬೀಳುತ್ತದೆ. ಬಲಿತದ್ದನ್ನು ಆರಿಸಿ ತಂದು ಹೂಳಿನಲ್ಲಿ ನೆಡಬೇಕು. ತೀರ ತಗ್ಗಿನಲ್ಲಿ ನೆಟ್ಟರೆ ಮುಳುಗಿ ಸಾಯುತ್ತದೆ. ತೀರ ಎತ್ತರದಲ್ಲಿ ನೆಟ್ಟರೆ ಒಣಗಿ ಸಾಯುತ್ತದೆ. ನೆಟ್ಟದ್ದನ್ನು ಏಡಿ ಕಡಿಯುತ್ತದೆ. ಕಾಂಡಕ್ಕೆ ಸಣ್ಣ ಚಿಪ್ಪಿನ ಹುಳ ಅಂಟಿಕೊಂಡು ಗಿಡವನ್ನು ಬಗ್ಗಿಸುತ್ತದೆ. ನೀರು ಇಳಿದಾಗ ದನ ನುಗ್ಗುತ್ತವೆ. ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತದೆ. ಇದೆಲ್ಲವನ್ನು ನೋಡಿ, ಬಿಡಿಸಿ, ಸತ್ತಲ್ಲಿ ಮತ್ತೆ ನೆಟ್ಟು, ಐದಾರು ವರ್ಷ ಸಾಕಿದರೆ ಆಮೇಲೆ ಅದು ದಂಡೆಯನ್ನು ಕಾಯುತ್ತದೆ, ಮೀನಿನ ಮರಿಗೆ ಮನೆಯಾಗುತ್ತದೆ. ಅಷ್ಟರವರೆಗೆ ಅದನ್ನು ಕಾಯುವವನು ಮೊಳಕಾಲುದ್ದ ಕೆಸರಿನಲ್ಲಿ ನಡೆಯುವ ಮನುಷ್ಯ. ಇಷ್ಟೆಲ್ಲ ಬಲ್ಲವನನ್ನು 'ಅಕುಶಲ' ಕೂಲಿ ಎಂದು ಬರೆದರೆ, ಕುಶಲ ಎಂದರೆ ಏನು?

ಇನ್ನು ಗಜನಿ. ಉಪ್ಪು ನೀರನ್ನು ಮಣ್ಣಿನ ಒಡ್ಡಿನಿಂದ ತಡೆದು, ಬೇಸಿಗೆಯಲ್ಲಿ ಮಣ್ಣು ಗುಪ್ಪೆ ಮಾಡಿ, ಮಳೆಯಲ್ಲಿ ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತ ಬೆಳೆಯುವ ನೆಲ. ಗೊಬ್ಬರವಿಲ್ಲ, ಔಷಧವಿಲ್ಲ. ಕೆಲವು ದಿನ ನೀರಿನಲ್ಲಿ ಮುಳುಗಿದರೂ, ನೀರು ಉಪ್ಪಾದರೂ ಕಗ್ಗ ತಾಳುತ್ತದೆ. ಕೊಯ್ಲಿನಲ್ಲಿ ತೆನೆ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಡುತ್ತಾರೆ; ಅದು ಕೊಳೆತು ಸಿಗಡಿಗೆ, ಮೀನಿಗೆ ಆಹಾರವಾಗುತ್ತದೆ. ಆಮೇಲೆ ತೂಬಿನ ಹಲಗೆ ಎತ್ತಿ ಉಬ್ಬರದ ನೀರು ಬಿಡುತ್ತಾರೆ. ನೀರಿನ ಸಂಗಡ ಮೀನು ಬರುತ್ತದೆ, ಮೀನಿನ ಹಿಂದೆ ಹಕ್ಕಿ ಬರುತ್ತದೆ. ದೂರದೇಶದ ಹಕ್ಕಿ ಬಂದಿಳಿಯುವ ಈ ನೆಲವನ್ನು ಮಾಡಿಟ್ಟವರು ಪಟಗಾರರು, ಹಾಲಕ್ಕಿಗಳು, ಅಂಬಿಗರು, ಹರಿಕಂತ್ರರು. ಯಾವ ಇಲಾಖೆಯೂ ಇಲ್ಲದ ಕಾಲದಲ್ಲಿ ಒಡ್ಡು ಒಡೆದರೆ ಮನೆಗೊಬ್ಬ ಆಳು ಬರಬೇಕೆಂಬ ಕಟ್ಟಳೆಯಿತ್ತು. ಕಾವಲು ಎಂಬದು ಆಗ ನೌಕರಿಯಾಗಿರಲಿಲ್ಲ, ಊರ ಹೊಣೆಯಾಗಿತ್ತು.

ಆ ಹೊಣೆ ಹೇಗೆ ಸಡಲಿತು? ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1948ರಲ್ಲಿ ಖಾರ್ ಭೂಮಿಯ ಕಾಯಿದೆ ಬಂತು. ಮುಂದೆ ಸರಕಾರವೇ ಗಟ್ಟಿ ಒಡ್ಡು ಕಟ್ಟಿಸಿತು. ಒಳ್ಳೆಯದೇ ಆಯಿತು, ಆದರೆ ಒಡ್ಡು ನಮ್ಮದೆಂಬ ಭಾವನೆ ಕಡಿಮೆಯಾಯಿತು. ಆಮೇಲೆ ಸಿಗಡಿಯ ಹಣ ಬಂತು. ಭತ್ತಕ್ಕಿಂತ ಸಿಗಡಿಯ ಗುತ್ತಿಗೆ ಲಾಭವೆಂದು ಕಂಡಿತು. ಗುತ್ತಿಗೆದಾರನಿಗೆ ವರ್ಷವಿಡೀ ಉಪ್ಪು ನೀರು ಬೇಕು, ಕಗ್ಗಕ್ಕೆ ಮಳೆಗಾಲದಲ್ಲಿ ಸಿಹಿ ನೀರು ಬೇಕು. ತೂಬಿನ ಹಲಗೆ ಯಾರ ಕೈಯಲ್ಲಿದೆಯೋ ಅವನೇ ಒಡೆಯ. ಎಷ್ಟೋ ಗಜನಿಗಳಲ್ಲಿ ಕಗ್ಗ ನಿಂತುಹೋಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ನಿಯಂತ್ರಿತ ವಲಯದೊಳಗಿನ ಸಿಗಡಿ ಕೊಳಗಳನ್ನು ತೆಗೆಯಬೇಕು, ಸಾಂಪ್ರದಾಯಿಕ ಪದ್ಧತಿಯವು ಮಾತ್ರ ಇರಬಹುದು ಎಂದಿತು. ತೀರ್ಪು ದೊಡ್ಡದು. ಆದರೆ ತೀರ್ಪು ಬಂದು ತೂಬಿನ ಹಲಗೆ ಇಳಿಸುವದಿಲ್ಲ. ಇಳಿಸಲು ಊರಿನ ಕೈಯೇ ಬೇಕು.

ಈಗಿನ ನಿಯಮವನ್ನೂ ಕೇಳಿರಿ. ಜೌಗು ಪ್ರದೇಶಗಳ ರಕ್ಷಣೆಗಾಗಿ ಕೇಂದ್ರ ಸರಕಾರ 2017ರಲ್ಲಿ ನಿಯಮ ಮಾಡಿತು. ಅದರಲ್ಲಿ 'ವಿವೇಕದ ಬಳಕೆ' ಎಂಬ ಒಳ್ಳೆಯ ಮಾತಿದೆ. ಜನ ನೆಲವನ್ನು ಕೆಡಿಸದೆ ಬಳಸಬಹುದು ಎಂದು ಅರ್ಥ. ಆದರೆ ಅದೇ ನಿಯಮದ ವ್ಯಾಖ್ಯೆಯಲ್ಲಿ ಭತ್ತದ ಗದ್ದೆ ಜೌಗು ಪ್ರದೇಶವಲ್ಲ. ಉಪ್ಪಿಗಾಗಿ ಕಟ್ಟಿದ ಆಗರವೂ ಅಲ್ಲ. ಎಂದರೆ ನಮ್ಮ ಕಗ್ಗದ ಗದ್ದೆ, ನಮ್ಮ ಸಾಣಿಕಟ್ಟೆಯ ಆಗರಗಳು ಹಕ್ಕಿಗೆ ಜೌಗು, ಮೀನಿಗೆ ಜೌಗು, ಕಾಗದಕ್ಕೆ ಮಾತ್ರ ಅಲ್ಲ! ಕಾಗದದಲ್ಲಿ ನೆಲಕ್ಕೇ ಹೆಸರಿಲ್ಲವೆಂದರೆ ಅದನ್ನು ಕಾಯುವವನ ಹೆಸರು ಎಲ್ಲಿಂದ ಬಂದೀತು? 2020ರಲ್ಲಿ ಭೂಸುಧಾರಣಾ ಕಾಯಿದೆ ತಿದ್ದಿ, ರೈತನಲ್ಲದವನೂ ಸಾಗುವಳಿ ಭೂಮಿ ಕೊಳ್ಳಬಹುದೆಂದು ಮಾಡಿದರು. ನಾಳೆ ಈ ದಂಡೆಗೆ ಹೆಸರು ಬಂದಿದೆ ಎಂದು ವಿಹಾರಧಾಮ ಕಟ್ಟುವವನು ಬರುತ್ತಾನೆ. ಒಡ್ಡು ಕಾಯುವವನಿಗೆ ಲಾಭವಿಲ್ಲದ ಕಡೆ ಒಡ್ಡು ಮಾರಾಟಕ್ಕೆ ಬರುತ್ತದೆ. ಇದು ಶಾಪವಲ್ಲ, ಲೆಕ್ಕ.

ದಿನಗೂಲಿಯ ಕಾಯಿದೆಯ ಮಾತು ಎರಡು. 2006ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಲ್ಲಿ, ನೇಮಕದ ನಿಯಮ ಬಿಟ್ಟು ಬಂದ ದಿನಗೂಲಿಯವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು. ಹತ್ತು ವರ್ಷ ದುಡಿದವರಲ್ಲಿ ಕೆಲವರಿಗೆ ಒಂದು ಸಲದ ರಿಯಾಯತಿ ಕೊಟ್ಟಿತು. 2012ರಲ್ಲಿ ನಮ್ಮ ಸರಕಾರ ದಿನಗೂಲಿ ನೌಕರರ ಕಲ್ಯಾಣದ ಕಾಯಿದೆ ಮಾಡಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಎಂಬವರ ಪ್ರಕರಣದಲ್ಲಿ, ಸರಕಾರಿ ಕಚೇರಿಯಲ್ಲಿ ದೀರ್ಘಕಾಲ ಗುಡಿಸುವ ಕೆಲಸ ಮಾಡಿದ ಹೆಂಗಸರು ಮೊದಲಾದವರನ್ನು ಕಾಯಂ ಮಾಡಬೇಕೆಂದು ಅದೇ ಕೋರ್ಟು ಹೇಳಿತು. ವರ್ಷಾನುವರ್ಷ ನಡೆಯುವ ಕೆಲಸಕ್ಕೆ ತಾತ್ಪೂರ್ತಿಕ ಎಂದು ಹೆಸರಿಟ್ಟು, ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದು ಎಂದು ಎಚ್ಚರಿಸಿತು. ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಬಾಗಿಲಲ್ಲಿ ನಿಂತಾಗ ಮೊದಲು ಕೇಳುವ ಪ್ರಶ್ನೆ: ದುಡಿದದ್ದಕ್ಕೆ ದಾಖಲೆ ಎಲ್ಲಿದೆ? ಅಲ್ಲಿ ಮತ್ತೆ ಹಾಜರಿ ಪುಸ್ತಕ!

1951ರ ಕಾಗೋಡನ್ನು ನಮ್ಮ ಹಿರಿಯರು ನೆನೆಯುತ್ತಿದ್ದರು. ಘಟ್ಟದ ಮೇಲೆ ಸಾಗರ ತಾಲೂಕಿನಲ್ಲಿ ಗೇಣಿದಾರರು ಎದ್ದದ್ದು ಮೊದಲಿಗೆ ಯಾವ ಪ್ರಶ್ನೆಯ ಮೇಲೆ? ಕೊಳಗದ ಅಳತೆಯ ಮೇಲೆ. ಗೇಣಿ ಅಳೆಯುವ ಕೊಳಗ ಒಡೆಯನ ಮನೆಯದಾದರೆ ಬೆಳೆ ಎಷ್ಟಾದರೂ ರೈತನಿಗೆ ಉಳಿಯುವದಿಲ್ಲ ಎಂಬದು ಅವರಿಗೆ ತಿಳಿದಿತ್ತು. ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು ಕಟ್ಟಿದ ರೈತ ಚಳವಳಿಯೂ ಇದನ್ನೇ ಕಲಿಸಿತು. 1974ರಲ್ಲಿ ಉಳುವವನೇ ಒಡೆಯನೆಂಬ ಕಾಯಿದೆ ಬಂದದ್ದು ಇಂಥ ಚಳವಳಿಗಳ ಬೆವರಿನಿಂದ. ಅಂದಿನ ಕೊಳಗ ಇಂದಿನ ಹಾಜರಿ ಪುಸ್ತಕ. ಅಂದು ಭತ್ತ ಅಳೆದರು, ಇಂದು ದಿನ ಅಳೆಯುತ್ತಾರೆ. ಮೂವತ್ತು ದಿನವನ್ನು ಇಪ್ಪತ್ತೆಂದು ಅಳೆಯುವ ಪುಸ್ತಕ ದೊಡ್ಡ ಕೊಳಗವಲ್ಲದೆ ಮತ್ತೇನು?

ಇಲ್ಲಿ ಇನ್ನೊಂದು ಮಾತು ಹೇಳದೆ ಹೋದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಕಾವಲುಗಾರರಿಗೂ ಬಳಚಿನ ಹೆಂಗಸರಿಗೂ ಜಗಳ ಬಂದದ್ದುಂಟು. ಬಳಚು ಬೆಳೆಯುವ ಹೂಳಿನ ಮೇಲೆಯೇ ಕಾಂಡ್ಲ ನೆಡಲು ಮೇಲಿನಿಂದ ಗುರುತು ಹಾಕಿ ಬಂದರೆ, ನೆಡುವವನು ಬಡವ, ಅನ್ನ ಕಳೆದುಕೊಳ್ಳುವವಳೂ ಬಡವಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ. ಗುರುತು ಹಾಕಿದವನು ಸಂಜೆಯ ಬಸ್ಸಿಗೆ ಹೋಗಿರುತ್ತಾನೆ. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬದನ್ನು ಆ ಹೂಳಿನಲ್ಲಿ ನಿತ್ಯ ಕೈಯಾಡಿಸುವವರನ್ನು ಕೇಳಿ ಗೊತ್ತುಮಾಡಿದರೆ ಈ ಜಗಳವೇ ಹುಟ್ಟುವದಿಲ್ಲ. ಕಾವಲುಗಾರನು ಹೆಂಗಸರ ಮೇಲೆ ಕೋಲೆತ್ತುವ ಆಳಾಗಬಾರದು. ಮಳೆಗಾಲದ ರಾತ್ರಿ ತೂಬು ಒಡೆದಾಗ ಅವನ ಕೂಗಿಗೆ ಓಡಿಬರುವವರು ಅವರೇ.

ಹಾಗಾದರೆ ನಾವು ಕೇಳುವದೇನು? ನಾಲ್ಕೇ ಮಾತು.

ಒಂದು: ಹಾಜರಿಯು ಉಬ್ಬರ ಇಳಿತದಂತೆ ಆಗಬೇಕು. ರಾತ್ರಿಯ ನೀರಿಗೆ ಹೋದವನಿಗೆ ರಾತ್ರಿಯ ಹಾಜರಿ. ಆದಿತ್ಯವಾರದ ಅಮಾವಾಸ್ಯೆಗೆ ಆದಿತ್ಯವಾರದ ಹಾಜರಿ. ಪ್ರತಿಯೊಬ್ಬನ ಕೈಯಲ್ಲಿ ಕನ್ನಡದಲ್ಲಿ ಬರೆದ ಚೀಟಿ ಇರಬೇಕು. ಕನಿಷ್ಠ ಕೂಲಿಯ ಕಾಯಿದೆ ಈ ದೇಶದಲ್ಲಿ 1948ರಲ್ಲಿಯೇ ಬಂದದ್ದು. ಆಮೇಲೆ ಕಾಯಿದೆಗಳ ಹೆಸರು ಬದಲಾದವು. ಕೆಸರಿನಲ್ಲಿ ನಿಂತವನ ಲೆಕ್ಕ ಬದಲಾಗಲಿಲ್ಲ.

ಎರಡು: ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ. ಅಂದು ಹೆಸರಿತ್ತೇ ಎಂದು ಕೇಳುವದಕ್ಕಿಂತ ಮೊದಲು ಕೆಲಸವಿತ್ತೇ ಎಂದು ಕೇಳಬೇಕು.

ಮೂರು: ಈ ಅಳಿವೆಯ ಆಡಳಿತದ ಯೋಜನೆ ಬರೆಯುವಾಗ ಗಜನಿಯ ರೈತ, ಬಳಚಿನ ಹೆಂಗಸು, ದಿನಗೂಲಿಯ ಕಾವಲುಗಾರ ಈ ಮೂವರೂ ಕುರ್ಚಿಯ ಮೇಲೆ ಕುಳಿತಿರಬೇಕು. ಬಾಗಿಲ ಹೊರಗೆ ನಿಂತು ಚಹ ಹಂಚುವದಕ್ಕಲ್ಲ.

ನಾಲ್ಕು: 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲಿ ಸಮಿತಿ ಇರಬೇಕು, ಜನರೇ ಹೇಳಿ ಬರೆಯಿಸಿದ ದಾಖಲೆ ಇರಬೇಕು. ಆ ದಾಖಲೆಯಲ್ಲಿ ಕಗ್ಗದ ಹೆಸರಿನ ಸಂಗಡ, ಯಾವ ಗಜನಿಯ ಒಡ್ಡನ್ನು ಯಾವ ಊರಿನವರು ಕಾಯುತ್ತ ಬಂದರು ಎಂಬದೂ ಬರಲಿ.

ಕೇಳುವವರಿಗೆ ಕರ್ತವ್ಯವೂ ಇದೆ, ಬಂಧುಗಳೆ. ಒಲೆಗೆಂದು ಎಳೆ ಕಾಂಡ್ಲ ಕಡಿಯಬಾರದು. ಸಣ್ಣ ಬಳಚನ್ನು ಹೂಳಿಗೇ ಬಿಡಬೇಕು. ರಾತ್ರಿ ಮರಳಿನ ದೋಣಿ ಬಂದಾಗ ನೂರು ರೂಪಾಯಿ ತೆಗೆದುಕೊಂಡು ಮಗ್ಗುಲು ಬದಲಿಸುವ ಕಾವಲುಗಾರ ನಮ್ಮ ಸಂಘದಲ್ಲಿ ಬೇಡ. ಹೊಟ್ಟೆ ತುಂಬದವನಿಗೆ ನೂರು ರೂಪಾಯಿ ದೊಡ್ಡದೆಂದು ನಮಗೆ ಗೊತ್ತು. ಆದರೆ ಆ ನೂರು ನಮ್ಮ ಮೂವತ್ತು ದಿನಗಳ ಬೇಡಿಕೆಯನ್ನು ಕೊಲ್ಲುತ್ತದೆ.

ಕೊನೆಯದಾಗಿ ಒಂದು ಕೆಲಸ. ಇಂದು ನಾವು ನಲವತ್ತು ನೋಟುಪುಸ್ತಕ ತಂದಿದ್ದೇವೆ. ಪ್ರತಿಯೊಬ್ಬ ಕಾವಲುಗಾರನೂ ಒಂದೊಂದು ತೆಗೆದುಕೊಳ್ಳಿರಿ. ದಿನಾಂಕ, ತಿಥಿ, ನೀರಿಗೆ ಹೋದ ಹೊತ್ತು, ಬಂದ ಹೊತ್ತು, ಮಾಡಿದ ಕೆಲಸ ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದ ಬರೆಯಿಸಿರಿ. ಸಂಗಡ ಇದ್ದವರೊಬ್ಬರ ಸಹಿ ಹಾಕಿಸಿರಿ. ಬಳಚಿನ ತಾಯಂದಿರ ಸಹಿಯಾದರೆ ಇನ್ನೂ ಒಳ್ಳೆಯದು. ನೀರಿನಲ್ಲಿ ಯಾರಿದ್ದರೆಂದು ಅವರಿಗಿಂತ ಹೆಚ್ಚು ಬಲ್ಲವರಿಲ್ಲ. ಆರು ತಿಂಗಳ ನಂತರ ಈ ಪುಸ್ತಕಗಳನ್ನು ಹೊತ್ತು ನಾವೆಲ್ಲ ಒಟ್ಟಿಗೆ ಕಚೇರಿಗೆ ಹೋಗೋಣ. ಅವರ ಪುಸ್ತಕ ಮೇಜಿನ ಮೇಲಿರಲಿ, ನಮ್ಮದೂ ಮೇಜಿನ ಮೇಲಿರಲಿ.

ಮೊದಲನೆಯ ಪುಸ್ತಕ ಈಗಾಗಲೇ ಆರಂಭವಾಗಿದೆ. ಎರಡು ಬೆರಳು ಕಳೆದುಕೊಂಡ ಆ ಕಾವಲುಗಾರ ಇಂದು ನಿಮ್ಮ ನಡುವೆ ಕುಳಿತಿದ್ದಾನೆ. ಅವನು ಹೇಳುತ್ತಾನೆ, ಮಗ ಬರೆಯುತ್ತಾನೆ. ಹಿಂದೆ ನಾವು ಗೈರು ಎಂದು ಬರೆದ ಹುಡುಗ ಇವನೇ. ಇಂದು ಬೆಳಿಗ್ಗೆ ಆ ಪುಸ್ತಕ ನೋಡಿದೆವು. ನಿನ್ನೆಯ ದಿನದ ಎದುರಿಗೆ ಬರೆದಿದ್ದಾನೆ: ಹಾಜರು.